ನಾಲ್ಕು ಮಾತಿನ ಪೆಟ್ಟಿಗೆ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಪಾಲಿಟೆಕ್ನಿಕ್ಕಿಗೆ ಮೊರಬದಿಂದ ಕುರ್ಚಿ ಹೆಣೆಯುವ ಕಾಕಾ ಬರುತ್ತಿದ್ದರು. ವರ್ಷವಿಡೀ ಹುಡುಗರು ಕುಳಿತು, ಮೇಲೆ ಹತ್ತಿ ನಿಂತು ಹರಿದ ಬೆತ್ತದ ಕುರ್ಚಿಗಳೆಲ್ಲ ವರ್ಕ್‌ಶಾಪಿನ ಮುಂದಿನ ಬೇವಿನ ಮರದ ಕೆಳಗೆ ಬಂದು ಬೀಳುತ್ತಿದ್ದವು. ಕಾಕಾಗೆ ಕಣ್ಣಿರಲಿಲ್ಲ. ಸಣ್ಣವರಿದ್ದಾಗ ಬಂದ ಸಿಡುಬು ಎರಡೂ ಕಣ್ಣು ತೆಗೆದುಕೊಂಡು ಹೋಗಿತ್ತು. ಬೆರಳಿನಿಂದ ತೂತು ತಡಕಿ, ನೆನೆಸಿದ ಬೆತ್ತದ ಎಳೆ ಎಳೆದು ಅವರು ಹೆಣೆಯುವುದನ್ನು ನೋಡಿದರೆ ಕಣ್ಣಿಲ್ಲದ್ದು ನೆನಪಾಗುತ್ತಿರಲಿಲ್ಲ.

ಅವರ ಜೊತೆ ಹೆಂಡತಿ ಬರುತ್ತಿದ್ದಳು. ನಾನು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಊರಲ್ಲಿ ಕೂಲಿಗೆ ಹೋಗುವ ಹೆಂಗಸು. ಕಾಕಾಗೆ ಕೆಲಸವಿದ್ದ ದಿನ ಮಾತ್ರ ಹೊಲ ಬಿಟ್ಟು, ಅವರ ಕೈಹಿಡಿದುಕೊಂಡು ನವಲಗುಂದದ ಬಸ್ಸು ಹತ್ತುತ್ತಿದ್ದಳು. ಬಕೆಟ್ಟಿನಲ್ಲಿ ಬೆತ್ತ ನೆನೆಸಿಡುವುದು, ಹಳೆಯ ಎಳೆ ಕಿತ್ತುಹಾಕುವುದು ಆಕೆಯ ಕೆಲಸ. ಅದಕ್ಕಿಂತ ದೊಡ್ಡ ಕೆಲಸವೆಂದರೆ ಮಾತು. ಪ್ರಿನ್ಸಿಪಾಲರು ಬಂದರು ಕಾಲು ತೆಗೆಯಿರಿ, ಬಿಸಿಲು ಸರಿಯಿತು ಈಚೆ ಬನ್ನಿ, ಆ ಹುಡುಗ ನಿಮ್ಮನ್ನೇ ನೋಡುತ್ತಾನೆ, ಹೀಗೆ ಬೆಳಗಿನಿಂದ ಸಂಜೆಯತನಕ ಆಕೆಯ ಬಾಯಿ ನಿಲ್ಲುತ್ತಿರಲಿಲ್ಲ. ಕಾಕಾ ಹೆಚ್ಚಿಗೆ ಉತ್ತರ ಕೊಡುತ್ತಿರಲಿಲ್ಲ. ಆ ಮಾತು ಅವರ ಕಿವಿಯಲ್ಲಿ ಸುಮ್ಮನೆ ಹರಿಯುತ್ತಿರಬೇಕು, ಅಷ್ಟೆ.

ನಾನಾಗ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಇನ್‌ಸ್ಟ್ರಕ್ಟರ್. ಕಲಿಸುವ ಹೆಂಗಸೆಂದು ನನ್ನನ್ನು ಎಲ್ಲರೂ 'ಬಾಯಾರ' ಎನ್ನುತ್ತಿದ್ದರು. ಡಿಪ್ಲೊಮಾ ಮುಗಿಸಿ ಬಂದು ಬಹಳ ದಿನವಾಗಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲೇಜಿಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಯೊಳಗೆ ಹೋಗಬೇಕಿತ್ತು.

ಆ ವರ್ಷ ಕಾಕಾ ಬಂದಾಗ ಜೊತೆಯಲ್ಲಿ ಚಿಗವ್ವ ಇರಲಿಲ್ಲ. ನೆರೆಮನೆಯವರೊಬ್ಬರು ತಂದು ಬಿಟ್ಟು ಹೋಗಿದ್ದರು. ಚಹಾ ಕೊಟ್ಟು ಕೇಳಿದಾಗ ಒಂದೊಂದಾಗಿ ಹೇಳಿದರು. ಕೆಲವು ತಿಂಗಳಿಂದ ಆಕೆಯ ದನಿ ಒಡೆದಿತ್ತಂತೆ. ನುಂಗಲು ತ್ರಾಸ. ಹುಬ್ಬಳ್ಳಿಯ ದವಾಖಾನೆಯಲ್ಲಿ ಗಂಟಲೊಳಗೆ ದೀಪ ಬಿಟ್ಟು ನೋಡಿ, ತುಣುಕು ತೆಗೆದು ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದಿದ್ದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಮೈಯಲ್ಲಿ ರಕ್ತ ಕಡಿಮೆ ಇರುವುದರಿಂದ ಗುಳಿಗೆ ಕೊಟ್ಟು, ಮೂರು ವಾರ ಬಿಟ್ಟು ಬಂದು ಸೇರಲು ಹೇಳಿದ್ದರು.

"ತಗದ ಮ್ಯಾಲ ಮಾತು ಬರಂಗಿಲ್ಲಂತ," ಎಂದರು ಕಾಕಾ. "ಜೀವ ಉಳದ್ರ ಸಾಕು ಅಂತಾರ ಎಲ್ಲಾರೂ. ನಾನೂ ಹಂಗs ಅಂತೀನಿ. ಆದ್ರ ಬಾಯಾರ, ಆಕಿ ಮಾತು ನಿಂತ್ರ ಆಕಿ ಮನ್ಯಾಗ ಅದಾಳೋ ಇಲ್ಲೋ ನನಗ ಹೆಂಗ ತಿಳೀಬೇಕ್ರಿ?"

ನನಗೆ ಆಗ ಅದು ಪೂರ್ತಿ ಅರ್ಥವಾಯಿತು. ಮಾತು ಹೋದವರು ಸನ್ನೆ ಮಾಡುತ್ತಾರೆ, ಬರೆದು ತೋರಿಸುತ್ತಾರೆ. ಕಾಕಾಗೆ ಸನ್ನೆ ಕಾಣದು. ಚಿಗವ್ವನಿಗೆ ಅಕ್ಷರ ಬರದು. ಬಂದಿದ್ದರೂ ಕಾಕಾ ಓದುವಂತಿರಲಿಲ್ಲ. ಆಪರೇಷನ್ ಆದ ದಿನದಿಂದ ಆ ಮನೆಯಲ್ಲಿ ಇಬ್ಬರ ನಡುವೆ ಗೋಡೆ ಎದ್ದಂತೆಯೇ.

ಕಾಕಾ ನನ್ನಿಂದ ಕೇಳಿದ್ದು ಬಹಳ ಸಣ್ಣದು. ಟೇಪ್ ರೆಕಾರ್ಡರಿನಲ್ಲಿ ಆಕೆಯ ಮಾತು ಹಿಡಿದಿಡಲು ಆಗುತ್ತದೆಯೇ ಎಂದು. ಹಿಡಿಯಬಹುದು, ಆದರೆ ಬೇಕಾದ ಹೊತ್ತಿಗೆ ಬೇಕಾದ ಮಾತು ಕ್ಯಾಸೆಟ್ಟಿನಲ್ಲಿ ಸಿಗುವುದಿಲ್ಲ. ಹಿಂದೆ ಮುಂದೆ ತಿರುಗಿಸುತ್ತ ಕೂರಬೇಕು ಎಂದೆ. ಆ ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದೆ. ಮೆಮರಿ ಚಿಪ್ಪಿನಲ್ಲಿ ಕೆಲವು ಮಾತುಗಳನ್ನು ಅಂಕಿಗಳಾಗಿ ತುಂಬಿಟ್ಟರೆ, ಗುಂಡಿ ಒತ್ತಿದ ಕೂಡಲೇ ಆ ಮಾತು ಸ್ಪೀಕರಿನಲ್ಲಿ ಬರುವಂಥ ಪೆಟ್ಟಿಗೆ ಮಾಡಬಹುದು. ಚಿಗವ್ವ ಅದನ್ನು ಹೆಗಲಿಗೆ ಹಾಕಿಕೊಂಡರೆ ಸಾಕು. ಅಂಕಿ ಮಾಡಿಕೊಡಲು ಮಾತ್ರ ಕಂಪ್ಯೂಟರ್ ಬೇಕು. ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಪರೀಕ್ಷೆಯ ಕೆಲಸಕ್ಕೆ ಅಡ್ಡಿ ಬರದಂತೆ ಮಾಡು ಎಂದರು.

ಭಾನುವಾರ ಟೇಪ್ ರೆಕಾರ್ಡರ್ ತೆಗೆದುಕೊಂಡು ಮೊರಬಕ್ಕೆ ಹೋದೆ. ಚಿಗವ್ವ ನನ್ನನ್ನು ಕಂಡು ನಕ್ಕಳು. ಕೂಡ್ರಿ ಎಂದಳು. ನನಗೆ ಗೊತ್ತಿದ್ದ ದನಿ ಅದಾಗಿರಲಿಲ್ಲ. ಒಣಗಿದ ಜೋಳದ ಎಲೆ ಉಜ್ಜಿದ ಹಾಗೆ, ಅರ್ಧ ಮಾತು, ಅರ್ಧ ಉಸಿರು.

ಆಕೆಗೆ ಈ ಕೆಲಸಕ್ಕೆ ಮನಸ್ಸಿರಲಿಲ್ಲ. ಸತ್ತವರ ಫೋಟೋ ಗೋಡೆಗೆ ಹಾಕುವಂತೆ ನನ್ನ ದನಿಯನ್ನು ಪೆಟ್ಟಿಗೆಯಲ್ಲಿ ಹಾಕುತ್ತೀರೇನು ಎಂದಳು. ಕಾಕಾ ಗೋಡೆಗೆ ಬೆನ್ನು ಕೊಟ್ಟು ಕುಳಿತೇ ಇದ್ದರು. ಕೊನೆಗೆ ಆಕೆಯೇ ಎದ್ದು, ಬಾಗಿಲು ಮುಂದೆ ಮಾಡಿ, ಬೀದಿಯ ಟ್ರ್ಯಾಕ್ಟರಿನ ಸದ್ದು ಬರದಿರಲೆಂದು ಕಿಟಕಿಗೆ ಕೌದಿ ಹಾಕಿ, "ಏನ ಅನ್ನಬೇಕು ಹೇಳ್ರಿ" ಎಂದಳು.

ಏನು ಅನ್ನಬೇಕೆಂದು ಆಕೆಗೇ ಬಿಟ್ಟೆ. ಒಂದಿಷ್ಟು ಯೋಚಿಸಿ ಎಂಟು ಮಾತು ಆರಿಸಿದಳು: ಇಲ್ಲೇ ಅದೀನ್ರಿ. ಬರ್ರಿ. ತಡೀರಿ. ಉಂಡ್ರ್ಯಾ. ಬಸ್ ಬಂತು. ಮೆಟ್ಟಲ ಅದಾವ. ಕೈ ಕೊಡ್ರಿ. ಸಾಕ್ರಿ. ಎಲ್ಲವೂ ಕಾಕಾಗಾಗಿಯೇ. ತನಗೆ ನೀರು ಬೇಕು, ಹಸಿವಾಗಿದೆ ಎನ್ನುವ ಒಂದು ಮಾತೂ ಅದರಲ್ಲಿರಲಿಲ್ಲ. ನಾನು ಅದನ್ನು ಹೇಳುವ ಮೊದಲೇ ಕಾಕಾ ಆಕೆಗೆ ಹೇಳಿದರು: ಬ್ಯಾನಿ ಆಗಾಕತ್ತೈತಿ ಅನ್ನೂದನ್ನೂ ಹಾಕು. ನೋವಾದರೆ ತನಗೆ ತಿಳಿಯಬೇಕು ಎಂದು.

"ಅದನ್ನ ಕೇಳಿ ನೀವೇನ್ ಮಾಡಾವ್ರ ಅದೀರಿ," ಎಂದಳು ಚಿಗವ್ವ. ಮತ್ತೆ ಎಷ್ಟು ಹೇಳಿದರೂ ಆ ಮಾತನ್ನು ಮಾತ್ರ ಆಡಲಿಲ್ಲ.

ಇನ್ನು ಮುಂದಿನದು ನನ್ನ ಕೆಲಸ. ಕಂಪ್ಯೂಟರಿಗೆ ಕಿವಿಯಿಲ್ಲ. ಟೇಪಿನಿಂದ ಬರುವ ಸಣ್ಣ ವಿದ್ಯುತ್ತನ್ನು ಅಳೆದು ಅಂಕಿ ಮಾಡಿಕೊಡಲು ಅದರೊಳಗೆ ಬೇರೆ ಕಾರ್ಡು ಕೂಡಿಸಬೇಕು. ನಮ್ಮಲ್ಲಿ ಅಂಥ ಎರಡು ಕಾರ್ಡುಗಳಿದ್ದವು. ಒಂದು ಕುಲುಮೆಯ ಉಷ್ಣತೆ ಅಳೆಯಲೆಂದು ತರಿಸಿದ್ದು, ಗಾಜಿನ ಬಾಗಿಲಿನ ಕಪಾಟಿನಲ್ಲಿ ಇಟ್ಟಿದ್ದರು. ಅದು ಒಂದು ಅಳತೆಯನ್ನು ನಾಲ್ಕು ಸಾವಿರ ಪಾಲು ಮಾಡಿ ಹೇಳುವಷ್ಟು ಸೂಕ್ಷ್ಮ. ಇನ್ನೊಂದು ಹಿಂದಿನ ವರ್ಷದ ಹುಡುಗರು ಪ್ರಾಜೆಕ್ಟಿಗೆಂದು ಕೈಯಿಂದ ಬೆಸುಗೆ ಹಾಕಿದ್ದು. ಅದು ಇನ್ನೂರೈವತ್ತಾರು ಪಾಲು ಮಾತ್ರ ಮಾಡುತ್ತಿತ್ತು. ಮುಖ್ಯಸ್ಥರು ಗಾಜಿನ ಕಪಾಟಿನ ಬೀಗದ ಕೈ ಕೊಟ್ಟರು. ನನಗೂ ಅದೇ ಸರಿ ಕಂಡಿತು. ಸೂಕ್ಷ್ಮವಾಗಿ ಅಳೆದಷ್ಟೂ ದನಿ ಚೊಕ್ಕ ಬರಬೇಕಲ್ಲ.

ಎರಡು ದಿನ ಪ್ರೋಗ್ರಾಮ್ ಬರೆದು, ಚಿಗವ್ವನ ಮಾತನ್ನು ಆ ಕಾರ್ಡಿನಿಂದ ಹಿಡಿದು, ತಿರುಗಿ ಸ್ಪೀಕರಿಗೆ ಬಿಟ್ಟೆ. ಬಾವಿಯೊಳಗಿನಿಂದ ಯಾರೋ ಗುರುಗುಟ್ಟಿದ ಹಾಗಾಯಿತು. 'ಸಾಕ್ರಿ' ಎಂದದ್ದು ಮೊದಲು ಸಿಳ್ಳು, ಆಮೇಲೆ ನರಳಿಕೆ. ವೈರು ಬದಲಿಸಿದೆ, ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದೆ, ಸ್ಪೀಕರ್ ಬದಲಿಸಿದೆ. ಏನೂ ಆಗಲಿಲ್ಲ. ಕುರ್ಚಿ ಹೆಣೆಯುತ್ತಿದ್ದ ಕಾಕಾರನ್ನು ಕರೆದು ಕೂಡಿಸಿ ಕೇಳಿಸಿದೆ. ಯಾರ ದನಿ ಎಂದು ಅವರಿಗೆ ಹೇಳಲಿಲ್ಲ.

ಅವರು ತಲೆ ಓರೆ ಮಾಡಿ ಕೇಳಿ, "ಯಾವುದೋ ದನಾ ಬ್ಯಾನಿ ತಿನ್ನಾಕತ್ತಂಗ ಐತಲ್ರಿ" ಎಂದರು. ನಾನು ತಟ್ಟನೆ ಸ್ವಿಚ್ ಆರಿಸಿದ ಸದ್ದಿಗೆ ಅವರಿಗೇ ಗೊತ್ತಾಯಿತು. ಮುಖ ತಿರುಗಿಸಿಕೊಂಡರು.

ಆ ದಿನ ಕಾರ್ಡಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಮೊದಲಿನಿಂದ ಓದಿದೆ. ನಾನು ನೋಡದೆ ಬಿಟ್ಟ ಒಂದು ಸಾಲು ಅದರಲ್ಲಿತ್ತು. ಆ ಕಾರ್ಡು ಸೆಕೆಂಡಿಗೆ ಎರಡು ಸಾವಿರ ಸಲ ಮಾತ್ರ ಅಳೆಯಬಲ್ಲದು. ಇದಕ್ಕೆ ಸ್ಯಾಂಪ್ಲಿಂಗ್ ರೇಟ್ ಎನ್ನುತ್ತಾರೆ. ತರಗತಿಯಲ್ಲಿ ಕಲಿತದ್ದೇ, ಆದರೆ ಒಬ್ಬರ ಗಂಟಲಿನ ಜೊತೆ ಸೇರಿಸಿ ಅದನ್ನು ಯೋಚಿಸಿರಲಿಲ್ಲ.

ದನಿ ಎಂದರೆ ಗಾಳಿಯ ನಡುಕ. ಒಂದು ನಡುಕದ ಏರು ಇಳಿವು ಗೊತ್ತಾಗಬೇಕಾದರೆ ಅದನ್ನು ಕನಿಷ್ಠ ಎರಡು ಸಲವಾದರೂ ಅಳೆಯಬೇಕು. ಸೆಕೆಂಡಿಗೆ ಎರಡು ಸಾವಿರ ಸಲ ಅಳೆಯುವ ಕಾರ್ಡು ಸಾವಿರ ನಡುಕದವರೆಗಿನ ದನಿಯನ್ನಷ್ಟೇ ಹಿಡಿಯುತ್ತದೆ. ಅದಕ್ಕಿಂತ ಮೇಲಿನದು ಸುಮ್ಮನೆ ಬಿಟ್ಟುಹೋದರೂ ಚಿಂತೆಯಿರಲಿಲ್ಲ. ಆದರೆ ಅದು ಸುಳ್ಳು ರೂಪ ತೊಟ್ಟು ಕೆಳಗಿನ ದನಿಯಾಗಿ ತಿರುಗಿ ಬರುತ್ತದೆ. ಸಿನಿಮಾದಲ್ಲಿ ಓಡುವ ಗಾಡಿಯ ಗಾಲಿ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಹಾಗೆ. 'ಸ' ಅಕ್ಷರವೆಲ್ಲ ಮೇಲಿನ ನಡುಕ. ಉಸಿರೂ ಮೇಲಿನದೇ. ಚಿಗವ್ವನ ದನಿಯಲ್ಲಿ ಈಗ ಉಳಿದದ್ದು ಹೆಚ್ಚಾಗಿ ಉಸಿರೇ. ಉಷ್ಣತೆ ಅಳೆಯುವ ಕಾರ್ಡು ಆಕೆಯನ್ನು ಪೂರ್ತಿ ಕೈಬಿಟ್ಟು, ಆ ಜಾಗದಲ್ಲಿ ಬೇರೇನನ್ನೋ ತುಂಬಿಕೊಟ್ಟಿತ್ತು.

ಹುಡುಗರು ಮಾಡಿದ್ದ ಕಾರ್ಡನ್ನು ಕಪಾಟಿನ ಮೇಲಿನಿಂದ ಇಳಿಸಿದೆ. ದೂಳು ಹಿಡಿದಿತ್ತು, ಎರಡು ಬೆಸುಗೆ ಬಿಟ್ಟಿದ್ದವು. ಅದು ಒರಟಾಗಿ ಅಳೆಯುತ್ತಿತ್ತು, ಆದರೆ ಸೆಕೆಂಡಿಗೆ ಎಂಟು ಸಾವಿರ ಸಲ ಅಳೆಯಬಲ್ಲದು. ಮೇಲಿನ ಸುಳ್ಳು ನಡುಕ ಒಳಗೆ ಬರದಂತೆ ಅದರ ಮುಂದೆ ಒಂದು ಫಿಲ್ಟರ್ ಕಟ್ಟಿದೆ. ಈ ಸಲ ಸ್ಪೀಕರಿನಲ್ಲಿ 'ಇಲ್ಲೇ ಅದೀನ್ರಿ' ಎಂದು ಬಂದಾಗ, ಹಿಂದೆ ಸಣ್ಣಗೆ ಮರಳು ಸುರಿದಂಥ ಸದ್ದಿತ್ತು, ಆದರೂ ಚಿಗವ್ವ ಬಾಗಿಲಲ್ಲಿ ನಿಂತು ಅಂದಂತೆಯೇ ಇತ್ತು.

ಕೆಲಸ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಪೆಟ್ಟಿಗೆಗೆ ಹಾಕಲು ನಮ್ಮಲ್ಲಿದ್ದ ದೊಡ್ಡ ಮೆಮರಿ ಚಿಪ್ಪು ಒಂದೇ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿದರೆ ಮುಂಬಯಿಯಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದರು. ಆ ಒಂದು ಚಿಪ್ಪಿನಲ್ಲಿ ಮೂವತ್ತೆರಡು ಸಾವಿರ ಅಂಕಿಗಳಿಗೆ ಜಾಗ. ಸೆಕೆಂಡಿಗೆ ಎಂಟು ಸಾವಿರದಂತೆ ತುಂಬಿದರೆ ನಾಲ್ಕು ಸೆಕೆಂಡು. ಒಂದೊಂದು ಮಾತಿಗೆ ಒಂದು ಸೆಕೆಂಡಿನಂತೆ ನಾಲ್ಕು ಮಾತು. ಅಳತೆಯನ್ನು ಅರ್ಧಕ್ಕಿಳಿಸಿ ನಾಲ್ಕು ಸಾವಿರ ಮಾಡಿದರೆ ಚಿಗವ್ವ ಆರಿಸಿದ ಎಂಟೂ ಮಾತು ಹಿಡಿಯುತ್ತವೆ, ಆದರೆ ದನಿ ಮಂಕಾಗುತ್ತದೆ. ಎರಡನ್ನೂ ಕೊಡುವ ದಾರಿ ಆ ಚಿಪ್ಪಿನಲ್ಲಿರಲಿಲ್ಲ.

ಅಷ್ಟರಲ್ಲಿ ಚಿಗವ್ವನನ್ನು ಹುಬ್ಬಳ್ಳಿಯಲ್ಲಿ ಸೇರಿಸಿಕೊಂಡಿದ್ದರು. ನಾನು ಎರಡೂ ಬಗೆಯ ದನಿಯನ್ನು ಕಂಪ್ಯೂಟರಿನಿಂದ ತಿರುಗಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಹೆಂಗಸರ ವಾರ್ಡಿಗೆ ಹೋದೆ. ಭೇಟಿಯ ಹೊತ್ತು. ಕಾಕಾ ಮಂಚದ ಬಾಜು ಸ್ಟೂಲಿನ ಮೇಲೆ ಕುಳಿತಿದ್ದರು. ಆಪರೇಷನ್ ಮರುದಿನವಿತ್ತು.

ಮೊದಲು ನಾಲ್ಕು ಸಾವಿರದ್ದನ್ನು ಕೇಳಿಸಿದೆ. ಮಾತು ತಿಳಿಯುತ್ತಿತ್ತು. ಚಿಗವ್ವ ಬೆರಳೆಣಿಸಿ ಎಂಟೂ ಬಂದವೆಂದು ಸಮಾಧಾನಪಟ್ಟಳು. ಕಾಕಾ ಮಾತ್ರ, ಇದು ಆಕೆಯ ಅಣ್ಣ ಮಾತಾಡಿದಂತಿದೆ ಎಂದರು. ಬಾಜು ಮಂಚದವರು ನಕ್ಕರು. ಆಮೇಲೆ ಎಂಟು ಸಾವಿರದ್ದನ್ನು ಹಾಕಿದೆ. 'ಇಲ್ಲೇ ಅದೀನ್ರಿ' ಎಂದು ಬಂತು. ಕಾಕಾ ತಟ್ಟನೆ ಮಂಚದ ಕಡೆ ಮುಖ ತಿರುಗಿಸಿ "ಹುಂ" ಎಂದುಬಿಟ್ಟರು. ಚಿಗವ್ವ ಬಾಯಿ ತೆರೆದಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ನಗಲಿಲ್ಲ.

ಜಾಗದ ಲೆಕ್ಕವನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಚಿಗವ್ವನಿಗೆ ಎಂಟು ಬೇಕು. ದನಿ ಯಾರದಾದರೇನು, ಮೆಟ್ಟಿಲಿದೆ ಎಂದು ತಿಳಿಯದಿದ್ದರೆ ಬೀಳುತ್ತಾರೆ, ಬಸ್ಸು ಬಂತೆಂದು ತಿಳಿಯದಿದ್ದರೆ ನಿಂತೇ ಇರುತ್ತಾರೆ ಎಂದು ಆ ಒಡೆದ ದನಿಯಲ್ಲೇ ವಾದ ಮಾಡಿದಳು. ನರ್ಸು ಬಂದು ಹೆಚ್ಚು ಮಾತಾಡಬೇಡಿ ಎಂದಳು. ನಾಳೆಯಿಂದ ಆಡುವುದೇ ಇಲ್ಲವಲ್ಲ ಎಂದಳು ಚಿಗವ್ವ.

ಕಾಕಾ ಸಾವಕಾಶ ಹೇಳಿದರು. "ಮೆಟ್ಟಲ ನನ್ನ ಕಾಲಿಗೆ ತಿಳೀತಾವ. ಬಸ್ ಬಂದದ್ದು ಊರಿಗೆಲ್ಲಾ ಕೇಳ್ತೈತಿ. ನಾಕs ಇರ್ಲಿ. ಆಕಿ ಆಕಿನs ಆಗಿರ್ಲಿ."

ಚಿಗವ್ವ ಗೋಡೆಯ ಕಡೆ ನೋಡುತ್ತ ಮಲಗಿದ್ದಳು. ಎಂಟರಲ್ಲಿ ಯಾವ ನಾಲ್ಕು ಎಂದು ಕೇಳಿದೆ. ಇಲ್ಲೇ ಅದೀನ್ರಿ, ಬರ್ರಿ, ತಡೀರಿ, ಈ ಮೂರರ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ನಾಲ್ಕನೆಯದಕ್ಕೆ ಕಾಕಾ ಮತ್ತೆ ಬ್ಯಾನಿಯ ಮಾತನ್ನೇ ಎತ್ತಿದರು. ಟೇಪ್ ರೆಕಾರ್ಡರ್ ಇಲ್ಲೇ ಇದೆ, ಈಗಲಾದರೂ ಆಡು ಎಂದರು. ಆಕೆ ತಲೆ ಅಲ್ಲಾಡಿಸಿ, "ಉಂಡ್ರ್ಯಾ ಇರ್ಲಿ ಬಾಯಾರ" ಎಂದಳು. ನನ್ನ ಕಡೆ ತಿರುಗಿ ಹೇಳಿದ ಆ ಮಾತೇ ನಾನು ಆಕೆಯ ಬಾಯಿಂದ ಕೇಳಿದ ಕೊನೆಯದು.

ಆಪರೇಷನ್ ಆಯಿತು. ಆಕೆ ಮೂಗಿನ ನಳಿಗೆಯಲ್ಲಿ ಗಂಜಿ ಕುಡಿಯುತ್ತಿದ್ದ ದಿನಗಳಲ್ಲಿ ನಾನು ಪೆಟ್ಟಿಗೆ ಕಟ್ಟಿದೆ. ಚಿಪ್ಪಿಗೆ ವಿದ್ಯುತ್ತಿನಿಂದ ಅಂಕಿ ತುಂಬಿದೆ. ಕರೆಗಂಟೆಯ ನಾಲ್ಕು ಗುಂಡಿ, ಟ್ರಾನ್ಸಿಸ್ಟರ್ ರೇಡಿಯೋದಿಂದ ಕಿತ್ತ ಸ್ಪೀಕರ್, ಬ್ಯಾಟರಿ ಸೆಲ್ಲುಗಳು. ವರ್ಕ್‌ಶಾಪಿನ ಬಡಗಿ ಮಾಸ್ತರರು ತೇಗದ ತುಣುಕುಗಳಿಂದ ಹಗುರಾದ ಪೆಟ್ಟಿಗೆ ಮಾಡಿ, ಅವರ ಮನೆಯಲ್ಲಿ ಜಮಖಾನ ನೇಯುವ ನೂಲಿನಿಂದಲೇ ಹೆಗಲಿಗೆ ಪಟ್ಟಿ ಹೆಣೆಸಿಕೊಟ್ಟರು.

ಕತ್ತಿನ ಬುಡದಲ್ಲಿ ಬೆರಳು ಹೋಗುವಷ್ಟು ತೂತು ಮಾಡಿದ್ದರು. ಉಸಿರಾಟವೆಲ್ಲ ಅಲ್ಲಿಂದಲೇ. ಪೆಟ್ಟಿಗೆ ಕೊಡಲು ಹೋದ ದಿನ ಆಕೆ ಅದಕ್ಕೆ ತೆಳ್ಳನೆಯ ಬಟ್ಟೆ ಮುಚ್ಚಿಕೊಂಡಿದ್ದಳು. ಉಸಿರಿಗೊಮ್ಮೆ ಬಟ್ಟೆ ಅಲುಗುತ್ತಿತ್ತು, ಸುಯ್ ಎಂದು ಸದ್ದು ಬರುತ್ತಿತ್ತು. ನೋಡಲು ಬಂದವರು ಆ ಸದ್ದಿಗೆ ಹಿಂದೆ ಸರಿಯುತ್ತಿದ್ದರು. ಗುಂಡಿಗಳನ್ನು ತೋರಿಸಿದೆ. ಮೊದಲನೆಯದನ್ನು ಒತ್ತಿದಳು. ಕಾಕಾ ಕೈ ಚಾಚಿದರು. ಆಕೆ ಕೈ ಹಿಡಿದುಕೊಂಡಳು.

ಮುಂದಿನ ವರ್ಷದಲ್ಲಿ ಪೆಟ್ಟಿಗೆ ಎರಡು ಸಲ ನನ್ನ ಹತ್ತಿರ ರಿಪೇರಿಗೆ ಬಂತು. ಎರೆಮಣ್ಣಿನ ದೂಳು ಗುಂಡಿಯೊಳಗೆ ಸೇರಿ ಹಿಡಿದುಕೊಳ್ಳುತ್ತಿತ್ತು. ನಾನು ಎಣಿಸಿದಂತೆ ಅದನ್ನವರು ಬಳಸುತ್ತಿರಲಿಲ್ಲ. ಮನೆಯಲ್ಲಿ ಅದು ಗೂಟಕ್ಕೆ ತೂಗುಬಿದ್ದಿರುತ್ತಿತ್ತಂತೆ. ಚಿಗವ್ವ ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದದ್ದು ಊರು ಬಿಟ್ಟು ಹೊರಗೆ ಬಂದಾಗ. ಕಾಕಾ ಮೆಟ್ಟಿಲು ಹುಡುಕುವ ಮೊದಲೇ ಕಂಡಕ್ಟರ್ ಸೀಟಿ ಊದಿದರೆ 'ತಡೀರಿ' ಗುಂಡಿ ಒತ್ತುತ್ತಿದ್ದಳು. ಪೆಟ್ಟಿಗೆ ಮಾತಾಡಿದ್ದಕ್ಕೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರಂತೆ. ಹೇಳುವಾಗ ಕಾಕಾ ನಗುತ್ತಿದ್ದರು. ಮನೆಯಲ್ಲಿ ಯಾಕೆ ಬೇಡವಾಯಿತೆಂದು ನಾನು ಕೇಳಲಿಲ್ಲ. ನನ್ನ ಕೆಲಸದಲ್ಲೇ ಏನೋ ಕೊರತೆ ಇದ್ದೀತೆಂದುಕೊಂಡು, ಮುಂಬಯಿಯ ಚಿಪ್ಪು ಬಂದರೆ ಎಂಟೂ ಮಾತು ಹಾಕಿಕೊಡಬೇಕೆಂದು ಯೋಚಿಸುತ್ತಿದ್ದೆ.

ಹಿಂಗಾರಿ ಜೋಳದ ಕೊಯ್ಲಿನ ಹೊತ್ತಿಗೆ ಚಿಗವ್ವನ ಕತ್ತಿನಲ್ಲಿ ಗಂಟು ಎದ್ದಿತು. ಹುಬ್ಬಳ್ಳಿಗೆ ಕರೆದೊಯ್ದರು. ಈ ಸಲ ಡಾಕ್ಟರು ಸೇರಿಸಿಕೊಳ್ಳಲಿಲ್ಲ. ಗುಳಿಗೆ ಬರೆದುಕೊಟ್ಟು ಮನೆಯಲ್ಲೇ ಇಟ್ಟುಕೊಳ್ಳಲು ಹೇಳಿದರು. ಸುದ್ದಿ ತಿಳಿದು ನಾನು ಮೊರಬಕ್ಕೆ ಹೋದೆ.

ಪಡಸಾಲೆಯಲ್ಲಿ ಹಾಸಿಗೆ. ಚಿಗವ್ವ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕತ್ತು ಒಂದು ಕಡೆ ಬಾತು ಮುಖ ಎಳೆದುಕೊಂಡಿತ್ತು. ಕಾಕಾ ತಲೆಯ ಹತ್ತಿರ ಕುಳಿತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ನನ್ನ ದನಿ ಕೇಳಿ ಬೀಸಣಿಗೆ ಕೆಳಗಿಟ್ಟರು.

"ಬಾಯಾರ, ಆಕಿ ಮಾರಿ ನೋಡಿ ಹೇಳ್ರಿ. ಬ್ಯಾನಿ ಐತೇನು?"

ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿಸಿದಳು, ಹೇಳಬೇಡ ಎನ್ನುವುದು ಸ್ಪಷ್ಟವಿತ್ತು. ಹಲ್ಲು ಕಚ್ಚಿಕೊಂಡದ್ದರಿಂದ ದವಡೆ ನಡುಗುತ್ತಿತ್ತು. ಗೂಟದಿಂದ ಇಳಿಸಿ ಹಾಸಿಗೆಯಲ್ಲಿ ಇಟ್ಟುಕೊಂಡಿದ್ದ ಪೆಟ್ಟಿಗೆಗೆ ಕೈ ಹಾಕಿ, ತಡಕಿ ಒತ್ತಿದಳು. 'ಉಂಡ್ರ್ಯಾ' ಎಂದಿತು ಪೆಟ್ಟಿಗೆ. ಊಟವಾಯಿತೇ ಎಂದು ನನ್ನನ್ನು ಕೇಳಿದ್ದೋ, ಮಾತು ತಪ್ಪಿಸಿದ್ದೋ.

ನಾನು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಕಣ್ಣಿದ್ದವಳೆಂದು ಅವರು ನನ್ನನ್ನು ಕೇಳಿದ್ದರು.

"ಐತ್ರಿ ಕಾಕಾ," ಎಂದೆ. "ಬಾಳ ಐತಿ."

ಚಿಗವ್ವ ಕಣ್ಣು ಮುಚ್ಚಿದಳು. ಕಾಕಾ ತಲೆದೂಗಿದರು, ಹೊಸದೇನೂ ಕೇಳಲಿಲ್ಲವೆಂಬಂತೆ.

"ನನಗ ಗೊತ್ತೈತ್ರಿ. ಉಸಿರು ಕೇಳ್ತೈತಲ್ಲ. ಆಪರೇಷನ್ ಆದಾಗಿಂದ ಆಕಿ ಒಳಗ ಅದಾಳೋ, ಹಿತ್ತಲದಾಗ ಅದಾಳೋ, ಸಿಟ್ಟಿಗೆದ್ದಾಳೋ, ಎಲ್ಲಾ ಉಸಿರಿನಾಗs ತಿಳೀತೈತಿ. ಒಂದ ವಾರದಿಂದ ಬ್ಯಾನಿ ತಡಕೊಂಡ ಉಸರಾಡಾಕತ್ತಾಳ. ನನಗ ಗೊತ್ತಿಲ್ಲ ಅಂತ ತಿಳಕೊಂಡ ಒಬ್ಬಾಕಿನs ತಡಕೋಬಾರದು, ಅದಕ್ಕ ನಿಮ್ಮ ಬಾಯಿಲೆ ಹೇಳಸಿದೆ."

ಕತ್ತಿನ ಬಟ್ಟೆ ಜೋರಾಗಿ ಅಲುಗತೊಡಗಿತು. ಅಳುವಾಗ ಆಕೆಗೆ ಬೇರೆ ಸದ್ದು ಬರುತ್ತಿರಲಿಲ್ಲ, ಆ ಸುಯ್ ಎನ್ನುವುದೇ ತುಂಡಾಗಿ ಬರುತ್ತಿತ್ತು. ಕಾಕಾ ಕೈ ಚಾಚಿ, ತಡಕಾಡದೆ, ನೇರವಾಗಿ ಆಕೆಯ ಹಣೆಯ ಮೇಲಿಟ್ಟರು. ಮನೆಯಲ್ಲಿ ಪೆಟ್ಟಿಗೆ ಯಾಕೆ ಬೇಕಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಗ.

ಮರುದಿನ ಹುಬ್ಬಳ್ಳಿಗೆ ಹೋಗಿ ಡಾಕ್ಟರನ್ನು ಕಂಡು, ಇನ್ನೂ ಬಲವಾದ ಔಷಧ ಬರೆಸಿಕೊಂಡು ಬಂದು ಕೊಟ್ಟೆ. ಅದರಿಂದ ಒಂದಿಷ್ಟು ನಿದ್ದೆ ಬಂತಂತೆ. ಕಾಳು ರಾಶಿ ಮುಗಿಯುವ ಮೊದಲೇ ಚಿಗವ್ವ ತೀರಿಕೊಂಡಳು. ಪ್ರಾಯೋಗಿಕ ಪರೀಕ್ಷೆ ನಡೆದಿದ್ದರಿಂದ ನಾನು ಮಣ್ಣಿಗೆ ಹೋಗಲಾಗಲಿಲ್ಲ.

ಕಾಕಾ ಆ ವರ್ಷ ಬರಲಾರರು ಎಂದುಕೊಂಡಿದ್ದೆವು. ಬಂದರು. ಬಸ್‌ ಸ್ಟ್ಯಾಂಡಿನಿಂದ ಕೋಲು ಊರುತ್ತ ಒಬ್ಬರೇ ಬಂದಿದ್ದರು. ಬೇವಿನ ಮರದ ಕೆಳಗೆ ಕುಳಿತು ಮೊದಲ ಕುರ್ಚಿ ಮುಗಿಸಿದ ಮೇಲೆ, ಚೀಲದಿಂದ ಬಟ್ಟೆ ಸುತ್ತಿದ ಪೆಟ್ಟಿಗೆ ತೆಗೆದು ನನಗೆ ಕೊಟ್ಟರು. ಕುಂದಗೋಳದ ಕಡೆಯ ಒಬ್ಬ ಮಾಸ್ತರರಿಗೆ ಇದೇ ಆಪರೇಷನ್ ಆಗುವುದಿದೆ ಎಂದು ದವಾಖಾನೆಯಲ್ಲಿ ಯಾರೋ ಹೇಳಿದ್ದರಂತೆ. ಅವರಿಗೆ ಕೊಡಿರಿ ಎಂದರು.

ಕೊಡಬೇಕಾದರೆ ಚಿಪ್ಪಿನಲ್ಲಿರುವ ಚಿಗವ್ವನ ದನಿ ಅಳಿಸಬೇಕು ಎಂದೆ. ಅದನ್ನು ಅಳಿಸುವುದು ಬೇಡ, ಮುಂಬಯಿಯಿಂದ ಬೇರೆ ಚಿಪ್ಪು ಇವತ್ತಲ್ಲ ನಾಳೆ ಬರುತ್ತದೆ, ಇದು ನಿಮ್ಮ ಹತ್ತಿರವೇ ಇರಲಿ ಎಂದು ಒತ್ತಾಯ ಮಾಡಿದೆ. ಅವರಿಗಾಗಿ ಹೇಳಿದೆನೋ ನನಗಾಗಿ ಹೇಳಿದೆನೋ.

"ಬ್ಯಾಡ್ರಿ," ಎಂದರು. "ಆಕಿ ಹ್ವಾದ ಮ್ಯಾಲ ಒಮ್ಮೆ ಒತ್ತಿದ್ದೆ. ಇಲ್ಲೇ ಅದೀನ್ರಿ ಅಂತು. ಕೈ ಚಾಚಿದೆ. ಗ್ವಾಡಿ ಸಿಕ್ತು."

ಮೂಲ ಕ್ಯಾಸೆಟ್ಟು ನನ್ನ ಕಪಾಟಿನಲ್ಲಿದೆ, ಬೇಕೆನಿಸಿದಾಗ ಬಂದು ಕೇಳಿ ಎಂದೆ. ಇರಲಿ ಎಂದರು, ಅಷ್ಟೆ.

ಅಂಥ ಚಿಪ್ಪಿನ ನಡುವೆ ಉಗುರಿನಷ್ಟು ಗಾಜಿನ ಕಿಂಡಿ ಇರುತ್ತದೆ. ಅದರ ಮೇಲೆ ಅತಿನೇರಳೆ ದೀಪ ಹಿಡಿದರೆ ಒಳಗಿನದೆಲ್ಲ ಅಳಿಸುತ್ತದೆ. ಪೆಟ್ಟಿಗೆ ಬಿಚ್ಚಿ ಚಿಪ್ಪು ತೆಗೆದೆ. ಕಿಂಡಿಗೆ ಅಂಟಿಸಿದ್ದ ಪಟ್ಟಿ ಕಿತ್ತು, ದೀಪದ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ ಸ್ವಿಚ್ ಒತ್ತುವ ಮುಂಚೆ ಕಾಕಾರನ್ನು ಇನ್ನೊಮ್ಮೆ ಕೇಳಿದೆ. ಅವರು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ಹಾಕಿರಿ ಎಂದರು. ಹಾಕಿದೆ. ಆ ದೀಪ ಸದ್ದು ಮಾಡುವುದಿಲ್ಲ; ಆದರೂ ಅವರು ಕಿವಿಗೊಟ್ಟು ನಿಂತಿದ್ದರು.

ಅರ್ಧ ಗಂಟೆಯ ಮೇಲೆ ಚಿಪ್ಪನ್ನು ಕಂಪ್ಯೂಟರಿನಲ್ಲಿ ಓದಿಸಿ ನೋಡಿದೆ. ಮೂವತ್ತೆರಡು ಸಾವಿರ ಜಾಗಗಳೂ ಖಾಲಿಯಿದ್ದವು. ಆಯಿತೆಂದು ಹೇಳಿದೆ.

"ಎಲ್ಲಿಗಿ ಹೋತ್ರಿ ಅದು?" ಎಂದು ಕೇಳಿದರು.

ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಒಳಗೆ ಸಣ್ಣ ಸಣ್ಣ ಕೋಣೆಗಳಲ್ಲಿ ವಿದ್ಯುತ್ತನ್ನು ಕೂಡಿಹಾಕಿರುತ್ತೇವೆ, ಬೆಳಕು ಬಿದ್ದರೆ ಅದಕ್ಕೆ ಬಲ ಬಂದು ಗೋಡೆ ದಾಟಿ ಹೊರಗೆ ಹೋಗುತ್ತದೆ ಎಂದೆ.

"ಬೆಳಕಿಗೆ?"

"ಹೌದ್ರಿ."

ಕಾಕಾ ಕೋಲಿನಿಂದ ಹೊಸ್ತಿಲು ತಡಕಿ, ಹೊರಗೆ ಬಿಸಿಲಿಗಿಳಿದು, ಮರದ ಕೆಳಗೆ ಉಳಿದಿದ್ದ ಕುರ್ಚಿಗಳ ಕಡೆ ನಡೆದರು.